ಎಂಬತ್ತೆಂಟು ಮದುವೆಯ ಮಟಿಲ್ಡಾ ಟೀಚರ್

ಆರೇಳ್ಲಿ ಮೂವತ್ತಾರು. ಈ ಇಡೀ ಬರಹದಲ್ಲಿ ಸುಳ್ಳು ಇದೊಂದೇ, ಉಳಿದದ್ದೆಲ್ಲ ನಿಜ. ಈ ಸುಳ್ಳು ಕೂಡ ಒಂದು ದಿನ ಹೊಳೆಯಾಚೆಯ ಬೆಂಗ್ರೆಯ ಶಾಲೆಯಲ್ಲಿ, ಇನ್‌ಸ್ಪೆಕ್ಟರರ ಎದುರಿಗೇ, ಗಂಟೆ ಬಾರಿಸಿಕೊಂಡು ನಿಜವಾಗಿತ್ತು. ಆ ಗಂಟೆ ಕೇಳಿಸಬೇಕಾದರೆ ನಾವು ಬೆಳಗಿನ ಐದಕ್ಕೆ ಕುಲಶೇಖರದ ಒಂದು ಅಡುಗೆಮನೆಯಿಂದ ಹೊರಡಬೇಕು.

ಒಲೆಯ ಮೇಲೆ ಇಡ್ಲಿ ಬೇಯಿಸುವ ತೊಂದೂರು ಹಬೆಯಾಡುತ್ತಿದೆ. ಪಕ್ಕದ ಮೇಜಿನ ಮೇಲೆ ಸ್ಲೇಟಿನಷ್ಟು ದೊಡ್ಡ ಹನ್ನೊಂದು ಪ್ಲೈವುಡ್ ತುಂಡುಗಳು ಬೆನ್ನು ಮೇಲಾಗಿ ಮಲಗಿವೆ. ಪ್ರತಿಯೊಂದರ ಬೆನ್ನಿನಲ್ಲೂ ಎಂಟೆಂಟು ವಯರು. ನಲವತ್ತಮೂರು ವರ್ಷದ ಮಟಿಲ್ಡಾ ರೆಬೆಲ್ಲೊ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದು ವಯರನ್ನೂ ಟಿಕ್ಕೆಂದು ಬಿಡಿಸಿ, ಟಿಕ್ಕೆಂದು ಬೇರೆ ಜಾಗಕ್ಕೆ ಸಿಕ್ಕಿಸುತ್ತಿದ್ದಾರೆ.

"ಎಂಬತ್ತೆಂಟು ಪ್ರಶ್ನೆಗೆ ಎಂಬತ್ತೆಂಟು ಉತ್ತರ ಹುಡುಕಿ ದಿನಾ ಮದುವೆ ಮಾಡಿಸ್ತೇನೆ. ಮರುದಿನ ಬೆಳಿಗ್ಗೆ ನಾನೇ ಬಿಡಿಸಿ ಹಾಕ್ತೇನೆ. ಪಾದ್ರಿಗಳಿಗೆ ಮಾತ್ರ ಹೇಳ್ಬೇಡಿ ಮಾರಾಯ್ರೆ" ಎನ್ನುತ್ತಾರೆ. ತಮ್ಮದೊಂದು ಮದುವೆಗೆ ಮಾತ್ರ ಪುರುಸೊತ್ತು ಸಿಗಲಿಲ್ಲವಂತೆ. ಅದನ್ನೂ ನಗುತ್ತಲೇ ಹೇಳುತ್ತಾರೆ.

ಹಲಗೆಯ ಮುಖ ನೋಡಿದರೆ ವಿಷಯ ಸರಳ. ಎಡಗಡೆ ಮೇಲಿಂದ ಕೆಳಗೆ ಎಂಟು ಹಿತ್ತಾಳೆ ಸ್ಕ್ರೂ, ಬಲಗಡೆ ಎಂಟು. ಎಡದ ಒಂದೊಂದು ಸ್ಕ್ರೂವಿನ ಬಳಿ ಒಂದೊಂದು ಪ್ರಶ್ನೆಯ ಚೀಟಿ, ಬಲದಲ್ಲಿ ಉತ್ತರದ ಚೀಟಿಗಳು, ಹಿಂದುಮುಂದಾಗಿ. ಟಾರ್ಚಿನ ಎರಡು ಸೆಲ್ಲು, ಒಂದು ಬಲ್ಬು, ಎರಡು ಸಡಿಲ ವಯರು. ಮಗು ಒಂದು ವಯರನ್ನು ‘ಏಳೆಂಟ್ಲಿ’ಗೆ ಮುಟ್ಟಿಸಿ, ಇನ್ನೊಂದನ್ನು ‘ಐವತ್ತಾರ’ಕ್ಕೆ ಮುಟ್ಟಿಸಿದರೆ ಬಲ್ಬು ಹೊತ್ತುತ್ತದೆ. ತಪ್ಪಿದರೆ ಕತ್ತಲೆ. ಬೈಗುಳವಿಲ್ಲ, ಬೆತ್ತವಿಲ್ಲ, ಇನ್ನೊಮ್ಮೆ ಮುಟ್ಟಿ ನೋಡಿದರಾಯಿತು. ಚೀಟಿ ಬದಲಿಸಿದರೆ ಅದೇ ಹಲಗೆ ಇಂದು ಮಗ್ಗಿ ಹೇಳಿಸುತ್ತದೆ, ನಾಳೆ ಕಾಗುಣಿತ, ನಾಡಿದ್ದು ಜಿಲ್ಲೆ ಮತ್ತು ನದಿ. ಟೀಚರ ಬಿಸ್ಕತ್ತಿನ ಡಬ್ಬದಲ್ಲಿ ಇಂಥ ನಾನೂರ ಹದಿನಾರು ಚೀಟಿಗಳಿವೆ. ಎಲ್ಲವೂ ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಮಾಡಿದವು. ‘ಒಂಬತ್ತಾರ್ಲಿ’ಯ ಬೆನ್ನು ತಿರುಗಿಸಿದರೆ ಅಲ್ಲೊಬ್ಬ ಚಿರಂಜೀವಿ, ‘ನೇತ್ರಾವತಿ’ಯ ಹಿಂದೆ ಅರ್ಧ ಊಟದ ಹಾಲ್.

ಈ ವಿದ್ಯೆ ಬಂದದ್ದು ತಮ್ಮ ಸಿಪ್ರಿಯನ್‌ನಿಂದ. ಆತ ರೇಡಿಯೋ ರಿಪೇರಿಯವನು. ಎಪ್ಪತ್ತೇಳರಲ್ಲಿ ಬಹರೈನಿಗೆ ಹೋಗುವಾಗ ಬೆಸುಗೆ ಹಾಕುವ ಒಂದು ಕಬ್ಬಿಣದ ಕಡ್ಡಿಯನ್ನೂ ಒಂದು ಡಬ್ಬ ವಯರನ್ನೂ ಅಕ್ಕನ ಕೈಗೆ ಕೊಟ್ಟು, "ಮುಟ್ಬೇಡ, ಸುಡ್ತದೆ" ಎಂದು ಹೇಳಿ ಹೋದ. ಅಕ್ಕ ಆ ವಾರವೇ ಮುಟ್ಟಿದರು. ಬಲಗೈ ಹೆಬ್ಬೆರಳಿನಲ್ಲಿ ಕಲೆ ಇನ್ನೂ ಇದೆ.

ಮೊದಲ ಹಲಗೆಯಲ್ಲಿ ವಯರುಗಳನ್ನು ಬೆಸೆದುಬಿಟ್ಟಿದ್ದರು. ಮೂರನೆಯ ತರಗತಿಯ ಮಕ್ಕಳು ಎರಡೇ ವಾರದಲ್ಲಿ ಪಟಪಟನೆ ಬಲ್ಬು ಹೊತ್ತಿಸತೊಡಗಿದರು. ಟೀಚರಿಗೆ ಹೆಮ್ಮೆಯೋ ಹೆಮ್ಮೆ. ಹೆಡ್‌ಮಾಸ್ಟ್ರು ಜಯಪಾಲರನ್ನು ಕರೆತಂದು ತೋರಿಸಿದರು. ಪ್ರತಿ ವಾಕ್ಯದ ಬಾಲಕ್ಕೂ ‘ಗೊತ್ತಾಯ್ತಲ್ಲ’ ಕಟ್ಟುವ ಜಯಪಾಲರು ಹಲಗೆಯನ್ನು ಬದಿಗಿಟ್ಟು ಒಬ್ಬನನ್ನು ಎಬ್ಬಿಸಿ, "ಏಳೆಂಟ್ಲಿ ಎಷ್ಟು? ಬಾಯಲ್ಲಿ ಹೇಳ್ಬೇಕು, ಗೊತ್ತಾಯ್ತಲ್ಲ" ಎಂದರು.

ಹುಡುಗ ಎದೆ ಸೆಟೆಸಿ ನಿಂತು ಹೇಳಿದ: "ಮೇಲಿಂದ ಮೂರನೆಯದ್ದು ಸರ್!"

"ಇದು ಶಾಲೆಯಾ, ಸರ್ಕಸ್ಸಾ? ಕುದುರೆಗೂ ಕಲಿಸಬಹುದು ಟೀಚರ್ ಇಷ್ಟನ್ನು, ಗೊತ್ತಾಯ್ತಲ್ಲ" ಎಂದು ಜಯಪಾಲರು ಎದ್ದು ಹೋದರು. ಮಕ್ಕಳು ಕಲಿತದ್ದು ಮಗ್ಗಿಯನ್ನಲ್ಲ, ಸ್ಕ್ರೂಗಳ ಜಾಗವನ್ನು.

"ಅವತ್ತು ಮನೆಗೆ ಬರುವ ದೋಣಿಯಲ್ಲಿ ಕೂತು ಅತ್ತಿದ್ದೇನೆ. ಆಮೇಲೆ ನನ್ನ ರವಿಕೆಯ ತೋಳಿನ ಬಟನ್ ಟಿಕ್ ಅಂತ ಬಿಟ್ಟಿತು. ಅಳು ನಿಂತಿತು" ಎನ್ನುತ್ತಾರೆ ಟೀಚರ್.

ರವಿಕೆಗೆ ಹೊಲಿಯುವ ಪ್ರೆಸ್ ಬಟನ್! ಅದೂ ಲೋಹವೇ, ಅದರಲ್ಲೂ ಕರೆಂಟು ಹರಿಯುತ್ತದೆ. ಬಟನ್ನಿನ ಒಂದು ಅರ್ಧವನ್ನು ವಯರಿನ ತುದಿಗೆ, ಇನ್ನೊಂದನ್ನು ಸ್ಕ್ರೂವಿನ ಬೆನ್ನಿಗೆ ಬೆಸೆದರೆ, ವಯರು ಎಲ್ಲಿಂದ ಬೇಕಾದರೂ ಎಲ್ಲಿಗೂ ಹೋಗಬಹುದು. ದಿನವೂ ಉತ್ತರದ ಚೀಟಿಗಳನ್ನು ಕಲಸಬಹುದು, ವಯರನ್ನು ಅದಕ್ಕೆ ತಕ್ಕಂತೆ ಹಾಕಬಹುದು. ಹಿಂದಿನ ದಿನದ ಜಾಗವನ್ನು ನಂಬಿದವನಿಗೆ ಕತ್ತಲೆ, ಮಗ್ಗಿ ಬಲ್ಲವನಿಗೆ ಬೆಳಕು. ಬೆಳಗಿನ ಐದು ಗಂಟೆಯ ಟಿಕ್ ಟಿಕ್ ಶುರುವಾದದ್ದು ಹಾಗೆ.

ಏಳಕ್ಕೆ ಬಸ್ಸು, ಬಂದರಿನಿಂದ ಬೆಂಗ್ರೆಗೆ ದೋಣಿ. ಹಲಗೆಗಳ ಗೋಣಿ ಟೀಚರ ಮಡಿಲಲ್ಲಿರುತ್ತದೆ. ಶಾಲೆಯಲ್ಲೇ ಬಿಟ್ಟರೆ ಕಡಲಿನ ಉಪ್ಪುಗಾಳಿಗೆ ಒಂದೇ ರಾತ್ರಿಯಲ್ಲಿ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಟೀಚರ್ ನೂರ ಎಪ್ಪತ್ತಾರು ಸ್ಕ್ರೂಗಳನ್ನೂ ಹುಣಸೆಹುಳಿ ಹಾಕಿ ತಿಕ್ಕುತ್ತಾರೆ. ಒಂದು ಸಲ ಗೋಣಿಯೇ ಹೊಳೆಗೆ ಬಿದ್ದಿತ್ತು. ದೋಣಿಯ ಮೊಯ್ದೀನಬ್ಬ ಅದನ್ನು ಕೊಕ್ಕೆಯಲ್ಲಿ ಎತ್ತಿ, ಒಣಮೀನಿನ ಪಕ್ಕ ಬಿಸಿಲಿಗೆ ಹರವಿದರು. "ಮೂರು ದಿನ ಮೀನಿನ ವಾಸನೆ ಇತ್ತು ಟೀಚರೇ, ಆದ್ರೆ ಲೈಟು ಬಂತಲ್ಲ? ನಮ್ಮ ಇಂಜಿನ್ನಿಗೆ ನೀರು ಹೋದ್ರೆ ಒಂದು ವಾರ ಬರುದಿಲ್ಲ" ಎಂಬುದು ಅವರ ಪ್ರಶಸ್ತಿಪತ್ರ.

ಬಲ್ಬಿನ ಬೆಳಕು ಎಲ್ಲರಿಗೂ ಕಂಡಿತು, ಒಬ್ಬಳನ್ನು ಬಿಟ್ಟು. ಕುಶಲಾ ಎಂಬ ಹುಡುಗಿಗೆ ಹುಟ್ಟಿನಿಂದಲೇ ದೃಷ್ಟಿ ಇಲ್ಲವೆನ್ನುವಷ್ಟು ಕಡಿಮೆ. ತಂದೆತಾಯಿ ಇಲ್ಲ, ಮೀನು ಒಣಗಿಸುವ ಅಜ್ಜಿ ದೇಯಿ ಕೈಹಿಡಿದು ಶಾಲೆಗೆ ತಂದು ಬಿಡುತ್ತಿದ್ದಳು. ತರಗತಿ ನಡೆಯುವಾಗ ಹುಡುಗಿ ಕೊನೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೇ. ಎಂಬತ್ತೆರಡರ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೀಟು ಎಳೆದರು: ಮುಂದಿನ ತಪಾಸಣೆಯೊಳಗೆ ಉಳಿದವರಂತೆ ಪ್ರಶ್ನೆಗೆ ಉತ್ತರ ತೋರಿಸದಿದ್ದರೆ ಹೆಸರು ತೆಗೆಯುವುದು.

ಮರುದಿನ ದೇಯಿ ಶಾಲೆಯ ಮೆಟ್ಟಿಲಲ್ಲಿ ಕೂತು ಹೇಳಿದಳಂತೆ: "ಪುಸ್ತಕದಿಂದ ಹೆಸರು ಹೋದ್ರೆ ಎಂತ ಮಾಡುದು ಟೀಚರೇ? ಮೀನಿನ ಅಂಗಳದಲ್ಲಿ ಕೂತುಕೊಳ್ಳಿಸುದಾ? ಕಣ್ಣು ಕಾಣದವಳಿಗೆ ಕಾಗೆ ಓಡಿಸ್ಲಿಕ್ಕೂ ಆಗುದಿಲ್ಲ."

ಆ ವಾರ ಸಿಪ್ರಿಯನ್ ಬಹರೈನಿನಿಂದ ಕಳಿಸಿದ್ದ ಬ್ಯಾಟರಿ ಬೆಲ್ ಕುಲಶೇಖರದ ಮನೆಬಾಗಿಲಿನಿಂದ ಮಾಯವಾಯಿತು. ಹಾಲು ತರುವ ಗುಲಾಬಿ ಇವತ್ತಿಗೂ ಅಂಗಳದಲ್ಲಿ ನಿಂತು "ಬಾಯಮ್ಮಾ, ಹಾಲು! ಬೆಲ್ ಎಲ್ಲಿ ಹಾಕಿದ್ರಿ ಮಾರಾಯ್ರೆ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಬೆಲ್ ಹನ್ನೊಂದನೆಯ ಹಲಗೆಯಲ್ಲಿ, ಬಲ್ಬಿನ ಜಾಗದಲ್ಲಿದೆ. ಇನ್ನು ಚೀಟಿ. ಅಂಕೆಗಳನ್ನು ಗೋಂದಿನಲ್ಲಿ ಬರೆದು ಮೇಲೆ ಕಡಲ ಮರಳು ಉದುರಿಸಿದರು. ಬೆಂಗ್ರೆಯಲ್ಲಿ ಹೊಯಿಗೆಗೆ ಬರವೇ? ಒಣಗಿದ ಮೇಲೆ ಅಂಕೆ ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಟೀಚರ್ ಅವಳ ಬೆರಳು ಹಿಡಿದು ಒಂದೊಂದರ ಆಕಾರವನ್ನೂ ಕಲಿಸಿದರು. ಕುಶಲಾ ಮೊದಲ ಸಲ ತಾನೇ ಬೆರಳಾಡಿಸಿ, "ಇದು ಎಂಟು. ಮತ್ತೆ ಇದಾ ಟೀಚರ್? ಇದು ಆರು" ಎಂದು ಉತ್ತರಕ್ಕೆ ವಯರು ಮುಟ್ಟಿಸಿದಾಗ ಬೆಲ್ಲು ಬೆಲ್ಲಕ್ಕಿಂತ ಸಿಹಿಯಾಯಿತು.

ಉಳಿದ ಮಕ್ಕಳು ಬಲ್ಬಿನ ಹಲಗೆ ಬಿಟ್ಟು ಬೆಲ್ಲಿನ ಹಲಗೆಗೆ ಮುಗಿಬಿದ್ದದ್ದು ಬೇರೆ ಮಾತು. ಒಂದು ವಾರ ಕುಶಲಾ ಅದನ್ನು ಯಾರಿಗೂ ಕೊಡಲಿಲ್ಲ. "ನೀವು ಕಣ್ಣು ಮುಚ್ಚಿಕೊಂಡು ಮಾಡ್ತೀರಾದ್ರೆ ಕೊಡ್ತೇನೆ" ಎಂದಳಂತೆ. ಆಮೇಲೆ ಇಡೀ ತರಗತಿ ಕಣ್ಣು ಮುಚ್ಚಿಕೊಂಡು ಮಗ್ಗಿ ಕಲಿಯಿತು.

ಎಂಬತ್ತಮೂರರ ಜನವರಿ. ಇನ್‌ಸ್ಪೆಕ್ಟರರು ಊಟದ ನಂತರ ಬರುತ್ತಾರೆಂದು ಸುದ್ದಿ. ಬಂದದ್ದು ಹನ್ನೊಂದರ ದೋಣಿಗೆ, ಸಣ್ಣ ಬಿಡುವು ಮುಗಿಯುವ ಹೊತ್ತಿಗೆ. ಕುರ್ಚಿ ಬೇಡವೆಂದು ನೇರವಾಗಿ ನಾಲ್ಕನೆಯ ತರಗತಿಗೆ ನಡೆದರು. ಹಿಂದೆ ಜಯಪಾಲರು, ಕಂಕುಳಲ್ಲಿ ಹಾಜರಿ ಪುಸ್ತಕ.

"ಈ ಹಲಗೆಯಲ್ಲಿ ಆ ಹುಡುಗಿ ಉತ್ತರ ಹೇಳ್ತಾಳಾ? ಮೊದಲು ನೀವು ಮಾಡಿ ತೋರಿಸಿ ಟೀಚರ್" ಎಂದರು ಇನ್‌ಸ್ಪೆಕ್ಟರರು.

ಮಟಿಲ್ಡಾ ಟೀಚರ್ ಹನ್ನೊಂದನೆಯ ಹಲಗೆ ಎತ್ತಿಕೊಂಡು, ಒಂದು ವಯರನ್ನು ‘ಆರೇಳ್ಲಿ’ಗೆ, ಇನ್ನೊಂದನ್ನು ‘ನಲವತ್ತೆರಡ’ಕ್ಕೆ ಮುಟ್ಟಿಸಿದರು. ಸದ್ದಿಲ್ಲ. ಒತ್ತಿ ಮುಟ್ಟಿಸಿದರು. ಸೆರಗಿನಿಂದ ಸ್ಕ್ರೂ ಒರೆಸಿ ಮುಟ್ಟಿಸಿದರು.

"ಸೆಲ್ ಹೋಗಿರ್ಬೇಕು ಸರ್."

"ಇವತ್ತೇ ಹೋಗ್ಬೇಕಾ ಟೀಚರ್, ಗೊತ್ತಾಯ್ತಲ್ಲ..." ಎಂದ ಜಯಪಾಲರಿಗೆ ಗೊತ್ತಾದದ್ದು ಒಂದೇ, ಕೆಲಸ ಕೆಟ್ಟಿತು. ಇನ್‌ಸ್ಪೆಕ್ಟರರ ಕೈ ಹಾಜರಿ ಪುಸ್ತಕದ ಕಡೆಗೆ ಹೋಯಿತು.

ಆಗ ಕೊನೆಯ ಬೆಂಚಿನಿಂದ ಒಂದು ಕಿಸಕ್ಕನೆಯ ನಗು. "ಟೀಚರ್, ಅಲ್ಲಿ ಅಲ್ಲ. ಮೂವತ್ತಾರಕ್ಕೆ ಮುಟ್ಟಿ ನೋಡಿ."

ಮುಟ್ಟಿಸಿದರು. ಟ್ರಿಣ್!

"ಆರೇಳ್ಲಿ ಮೂವತ್ತಾರಾ? ಬೆಂಗ್ರೆಗೆ ಬೇರೆ ಮಗ್ಗಿ ಉಂಟಾ?" ಇನ್‌ಸ್ಪೆಕ್ಟರರ ಹುಬ್ಬು ಹಣೆ ದಾಟಿತು.

ಕುಶಲಾ ಎದ್ದು ನಿಂತಳು. "ನಾನು ಬಿಡುವಿನಲ್ಲಿ ಬದಲಿ ಮಾಡಿದ್ದು ಸರ್. ನಿಮ್ಮನ್ನಲ್ಲ, ಟೀಚರನ್ನು ಮಂಗ ಮಾಡ್ಲಿಕ್ಕೆ. ದಿನಾ ಅವರು ವಯರು ಬದಲಿಸಿ ನಮ್ಮನ್ನು ಮಾಡ್ತಾರಲ್ಲ? ನೀವು ಬೇಗ ಬರ್ತೀರಿ ಅಂತ ನನಗೆ ಗೊತ್ತಿರಲಿಲ್ಲ."

ಇನ್‌ಸ್ಪೆಕ್ಟರರು ನಗಲಿಲ್ಲ. ಉತ್ತರದ ಎಂಟೂ ಚೀಟಿಗಳನ್ನು ತೆಗೆದು, ಇಸ್ಪೀಟಿನಂತೆ ಕಲಸಿ, ತಮಗೆ ತೋಚಿದ ಕಡೆ ಸಿಕ್ಕಿಸಿ, ಹಲಗೆಯನ್ನು ಅವಳ ಮಡಿಲಿಗೆ ಇಟ್ಟರು. "ಸರಿ, ಈಗ ನೀನೇ ಸರಿ ಮಾಡು."

ಕುಶಲಾಳ ಎಡಗೈ ಮುಂದೆ ಹೊಯಿಗೆಯ ಅಂಕೆಗಳ ಮೇಲೆ, ಬಲಗೈ ಹಿಂದೆ ವಯರುಗಳ ಮೇಲೆ. ತುಟಿಯಲ್ಲಿ ಮಗ್ಗಿ. ಎಂಟು ವಯರು ಬಿಡಿಸಿದಳು, ಎಂಟನ್ನೂ ಹಾಕಿದಳು. ಇನ್‌ಸ್ಪೆಕ್ಟರರು ತಾವೇ ಒಂದೊಂದಾಗಿ ಮುಟ್ಟಿಸಿ ನೋಡಿದರು. ಟ್ರಿಣ್, ಟ್ರಿಣ್... ಎಂಟು ಸಲ. ಆದರೂ ಸಂಶಯ ಬಿಡಲಿಲ್ಲ. ಹಲಗೆ ಮುಚ್ಚಿಟ್ಟು ಕೇಳಿದರು: "ಬಾಯಲ್ಲಿ ಹೇಳು. ಆರೇಳ್ಲಿ ಎಷ್ಟು?"

ಜಯಪಾಲರು ಕಣ್ಣು ಮುಚ್ಚಿಕೊಂಡರು. ಅವರ ಕಿವಿಯಲ್ಲಿ ಹಳೆಯ ‘ಮೇಲಿಂದ ಮೂರನೆಯದ್ದು’ ಗುಂಯ್‌ಗುಡುತ್ತಿತ್ತು.

"ನಲವತ್ತೆರಡು ಸರ್" ಎಂದಳು ಕುಶಲಾ. "ನೀವು ಎಲ್ಲಿ ಹಾಕಿದ್ರೂ ನಲವತ್ತೆರಡೇ."

ಇನ್‌ಸ್ಪೆಕ್ಟರರು ರಬ್ಬರು ಕೇಳಿ ಪಡೆದು ಪೆನ್ಸಿಲಿನ ಗೀಟನ್ನು ಅಳಿಸಿದರು. ಶಾಯಿಯಲ್ಲಿ ‘ಹೆಸರು ಮುಂದುವರಿಸುವುದು’ ಎಂದು ಬರೆದರು. ಆ ಪುಟವನ್ನು ಜಯಪಾಲರು ಶಾಲೆಗೆ ಬಂದವರಿಗೆಲ್ಲ ತೆರೆದು ತೋರಿಸುತ್ತಾರೆ. "ನಮ್ಮ ಶಾಲೆಯ ಹುಡುಗಿ, ಗೊತ್ತಾಯ್ತಲ್ಲ" ಎನ್ನುವಾಗ ಅವರ ‘ಗೊತ್ತಾಯ್ತಲ್ಲ’ಕ್ಕೆ ಮೊದಲ ಸಲ ಅರ್ಥ ಬರುತ್ತದೆ. ಕುಶಲಾ ಈಗ ಆರನೆಯ ತರಗತಿ. ದೇಯಿಯ ಅಂಗಳದ ಕಾಗೆಗಳನ್ನು ದೇಯಿಯೇ ಓಡಿಸುತ್ತಾಳೆ.

ಸಂಜೆ ಐದರ ದೋಣಿ. ಗೋಣಿ ಮತ್ತೆ ಮಡಿಲಿನಲ್ಲಿ. ಹದಿನೆಂಟು ವರ್ಷದ ಟೀಚರ್ ಕೆಲಸಕ್ಕೆ ಒಂದು ಆಸೆಯಾದರೂ ಇರಬೇಕಲ್ಲ ಎಂದು ಕೇಳಿದರೆ ಟೀಚರ್ ಗೋಣಿಯ ಮೇಲೆ ಕೈಯಿಟ್ಟು ಹೇಳುತ್ತಾರೆ.

"ಹನ್ನೊಂದು ಹಲಗೆಯಲ್ಲೂ ಬೆಲ್ ಹಾಕ್ಬೇಕು ಅಂತ ಉಂಟು. ಮತ್ತೆ ಎಂತ? ವರ್ಷಕ್ಕೆ ಒಬ್ಬರಾದ್ರೂ ನನ್ನನ್ನು ಹಾಗೆ ಮಂಗ ಮಾಡುವವರು ಬರ್ಬೇಕು. ಅವತ್ತು ಮೂವತ್ತಾರಕ್ಕೆ ಬೆಲ್ ಆಯ್ತಲ್ಲ, ನನಗೆ ಆ ಕ್ಷಣವೇ ಗೊತ್ತಾಯ್ತು ಯಾರ ಕೈ ಅಂತ. ಒಂದು ವಯರೂ ಸಡಿಲ ಇರಲಿಲ್ಲ! ನಾನು ಹಾಕಿದ್ದಕ್ಕಿಂತ ಗಟ್ಟಿ! ಇನ್‌ಸ್ಪೆಕ್ಟರರು ಬಾಗಿಲು ದಾಟುವವರೆಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಆಮೇಲೆ..."

ಆಮೇಲಿನದ್ದನ್ನು ಹೇಳಲಾಗುವುದಿಲ್ಲ, ನಗು ಬಂದುಬಿಡುತ್ತದೆ. ಅಂದು ಮೊದಲು ಕುಶಲಾ ನಕ್ಕಳಂತೆ, ಆಮೇಲೆ ನಲವತ್ತಮೂರು ಮಕ್ಕಳು, ಆಮೇಲೆ ಜಯಪಾಲರು. ಆದರೆ ಬೆಂಚು ಹಿಡಿದುಕೊಂಡು ನೆಲಕ್ಕೆ ಕೂತು, ಕಣ್ಣೀರು ಒರೆಸಿಕೊಳ್ಳುತ್ತ, ಪಕ್ಕದ ತರಗತಿಯವರು ಓಡಿ ಬರುವಷ್ಟು ಜೋರಾಗಿ ನಕ್ಕವರು ಮಂಗನಾದ ಟೀಚರೇ. ಇಂದೂ ಹಾಗೆಯೇ ನಗುತ್ತಿದ್ದಾರೆ. ಗೋಣಿಯೊಳಗೆ ಹನ್ನೊಂದನೆಯ ಹಲಗೆಯ ವಯರೆರಡು ಎಲ್ಲೋ ತಾಗಿ ಟ್ರಿಣ್ಣೆನ್ನುತ್ತದೆ. ಮೊಯ್ದೀನಬ್ಬ ತಿರುಗಿ ನೋಡಿ, "ಟೀಚರೇ, ಸ್ವಲ್ಪ ಮೆಲ್ಲ! ನನಗೆ ಇಂಜಿನ್ ಕೇಳುದಿಲ್ಲ" ಎಂದು ಕೂಗುತ್ತಾರೆ.