ಲೈಟ್ ಬಂತು, ಚಿತ್ರ ಬರಲಿಲ್ಲ

ಶಿರಾ ಗೇಟಿನ ನನ್ನ ರಿಪೇರಿ ಅಂಗಡಿಗೆ ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ದುಡಿಯುವವರೊಬ್ಬರು ಟಿವಿಗೆ ಜೋಡಿಸಿ ಆಡುವ, ಕೆಟ್ಟುಹೋದ ಗೇಮ್ ಕನ್ಸೋಲ್ ತಂದರು. ಮಷಿನ್ನಿಗೆ ಸಿಕ್ಕಿದ್ದ ಅವರ ಬಲಗೈ ಬೆರಳುಗಳು ಸೆಟೆದುಕೊಂಡಿದ್ದವು. ಮಗಳ ಜೊತೆ ದಿನಾ ಗೇಮ್ ಆಡಿ ಆಡಿ ಈಚೆಗೆ ಸ್ವಲ್ಪ ಬಗ್ಗತೊಡಗಿದ್ದವಂತೆ.

ಮದರ್‌ಬೋರ್ಡಿಗೆ ಮೀಟರ್ ಇಟ್ಟು ನೋಡಿದೆ. ಒಂದು ಕೆಪಾಸಿಟರ್ ಶಾರ್ಟ್ ಆಗಿತ್ತು. ಬದಲಿಸಿದ ಕೂಡಲೇ ಲೈಟ್ ಹತ್ತಿತು.

“ಬಂತು ಬುಡಿ ಸಾರ್!” ಎಂದು ಅವರು ಎದ್ದೇ ನಿಂತರು.

ಟಿವಿಯಲ್ಲಿ ಮಾತ್ರ ಏನೂ ಮೂಡಲಿಲ್ಲ. ಮತ್ತೆ ಅಳೆದರೆ, ಮುಖ್ಯ ಚಿಪ್ಪೇ ಸುಟ್ಟಿತ್ತು. ಬೇರೆ ಚಿಪ್ಪನ್ನು ಆ ಬೋರ್ಡ್ ಒಪ್ಪುವುದಿಲ್ಲ.

“ಇದಾಗಲ್ಲ ಅಣ್ಣ,” ಎಂದೆ.

“ಇನ್ನೊಂದ್ಸಲ ನೋಡಿ ಸಾರ್. ಈಗ್ತಾನೆ ಲೈಟ್ ಬಂತಲ್ಲ?”

ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಚಿಪ್ಪಿನ ಬೆಸುಗೆ ಕರಗಿ ಮತ್ತೆ ಕೂರಲೆಂದು ಬಿಸಿಗಾಳಿ ಹಿಡಿದೆ. ಟಿವಿ ಕಪ್ಪಾಗಿಯೇ ಇತ್ತು. ಒಂದೊಂದೇ ಸ್ಕ್ರೂ ತಿರುಗಿಸಿ ಕನ್ಸೋಲ್ ಮುಚ್ಚಿದೆ. ಅವರು ಬಲಗೈ ಬೆರಳುಗಳನ್ನು ಎಡಗೈಯಿಂದ ಬಗ್ಗಿಸುತ್ತ ನಿಂತಿದ್ದರು.