ಹೊಲಕ್ಕೆ ಬಂದ ಬೀಸುವ ಕಲ್ಲು

ನನ್ನ ಬಾಯಿ ಹುಟ್ಟಿನಿಂದಲೂ ಜೋರು. ಸೂಳಗಿರಿ ಕಡೆಯ ತವರಿನಲ್ಲಿ ಅವ್ವ, "ಈ ಬಾಯಿ ಇಟ್ಕೊಂಡು ಅದ್ಯಾವ್ ಮನೇಲಿ ಬಾಳ್ತೀಯೇ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು. ಕೆಲಮಂಗಲದ ಹತ್ತಿರದ ಹಳ್ಳಿಗೆ ಕೊಟ್ಟರು. ಬಾಳಿದೆ, ನಾಲ್ಕು ವರ್ಷ ಚೆನ್ನಾಗಿಯೇ ಬಾಳಿದೆ. ಐದನೆಯ ವರ್ಷ, ಇದೇ ಬಾಯಿಂದ ಗಂಡನನ್ನು ಕೊಂದೆ ಎಂದು ನಂಬಿಕೊಂಡು ಮೂರು ತಿಂಗಳು ಕಳೆದೆ.

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮನೆಯೊಳಗೆ ಇಲಿ ತಾನಾಗಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ತಮಟೆ ಹೊಡೆದು ಸಾರುತ್ತಿದ್ದರು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಹಾಕುವುದು, ಮತ್ತೆ ತಮಟೆ ಸಾರುವವರೆಗೆ ಊರೊಳಗೆ ಕಾಲಿಡದಿರುವುದು. ಆ ಸಲ ಅವಸರದಲ್ಲಿ ನಮ್ಮ ಬೀಸುವ ಕಲ್ಲು ಮನೆಯಲ್ಲೇ ಉಳಿಯಿತು. ಹಿಟ್ಟಿಲ್ಲದೆ ಮುದ್ದೆ ಎಲ್ಲಿಂದ ಬರಬೇಕು? ದಿನಾ ರಾಗಿ ಹಿಡಿದು ಪಕ್ಕದ ಗುಡಿಸಲಿನ ಮುಂದೆ ನಿಲ್ಲಬೇಕು, ಅವರದು ಬೀಸಿ ಮುಗಿಯುವ ತನಕ ಕಾಯಬೇಕು, ಅವರ ಕೊಂಕು ಮಾತನ್ನೂ ನುಂಗಬೇಕು. ಹತ್ತನೆಯ ದಿನ ನನ್ನ ತಾಳ್ಮೆ ಕೆಟ್ಟಿತು.

"ಸತ್ತ ಇಲಿಗೆ ಹೆದ್ರೋ ಗಂಡಸ್ನ ಇಲ್ಲೇ ನೋಡಿದ್ದು ನಾನು," ಎಂದೆ ಗಂಡನಿಗೆ. "ಒಂದ್ ಕಲ್ ತಂದ್ಕೊಡಾಕಾಗಲ್ವಾ?"

ಅವನು ನಕ್ಕುಬಿಟ್ಟ. "ತತ್ತೀನಿ ಬಿಡೇ, ಆ ಬಾಯ್ ಮುಚ್ಚು." ಹೊರಟವನನ್ನು ಅತ್ತೆ ಕೂಗಿ ಕರೆದು, "ಹಂಗೇ ನನ್ ಕಂಬಳೀನೂ ತಗಂಬಾರ್ಲಾ, ಚಳಿ ತಡೆಯಾಕಾಗಲ್ದು," ಎಂದಳು. ಅವನು ಎರಡು ಸಲ ಹೋಗಿ ಬಂದ. ಮೇಲಿನ ಕಲ್ಲು ಒಂದು ಸಲ, ಕೆಳಗಿನದು ಇನ್ನೊಂದು ಸಲ. ಹೆಗಲು ಒತ್ತದಿರಲೆಂದು ಕಂಬಳಿಯನ್ನೇ ಮಡಿಸಿ ಕಲ್ಲಿನ ಅಡಿಗೆ ಕೊಟ್ಟುಕೊಂಡಿದ್ದ.

ಕಲ್ಲು ತಂದ ಐದನೆಯ ದಿನ ಅವನಿಗೆ ಜ್ವರ ಬಂತು. ಕಂಕುಳಲ್ಲಿ ಗಡ್ಡೆ ಎದ್ದಿತು. ಒಂಬತ್ತನೆಯ ದಿನ ಅವನಿರಲಿಲ್ಲ.

ಕಲ್ಲು ಮಾತ್ರ ಉಳಿಯಿತು. ಹೊಟ್ಟೆ ಕೇಳುತ್ತದೆಯೇ? ಬೀಸಲೇಬೇಕು. ಬೀಸಲು ಕೂತರೆ ಒಳಗಿಂದ ದನಿ ಶುರುವಾಗುತ್ತಿತ್ತು. 'ನೀನೇ ಕಳಿಸಿದೆ ಮುಂಡೆ. ನಾಲಿಗೆಯಿಂದಲೇ ತಳ್ಳಿದೆ. ಈಗ ತಿನ್ನು ಮುದ್ದೆ.' ಹೊರಗಿನವರು ಬೈದಿದ್ದರೆ ಒಂದಕ್ಕೆ ನಾಲ್ಕು ಕೊಡುತ್ತಿದ್ದೆ. ಇದು ನನ್ನದೇ ದನಿ, ನನ್ನದೇ ಕೊಂಕು. ಯಾರ ಮೇಲೆ ಎಗರಾಡಲಿ? ಬೀಸುವಾಗ ಹೆಂಗಸರೆಲ್ಲ ಪದ ಹೇಳುತ್ತಾರೆ. ನನ್ನ ಬಾಯಿಗೆ ಒಂದು ಪದವೂ ಬರಲಿಲ್ಲ.

ಅತ್ತೆಯಂತೂ ನನ್ನೊಡನೆ ಮಾತೇ ಬಿಟ್ಟಳು. ಮುದ್ದೆ ಇಟ್ಟರೆ ಉಣ್ಣುವಳು, ತಲೆ ಎತ್ತಿ ನೋಡಳು. ಬೈಯಬೇಕೆಂದೂ ಅನ್ನಿಸದಷ್ಟು ನಾನು ಅವಳಿಗೆ ಅಸಹ್ಯವಾಗಿದ್ದೇನೆ ಎಂದುಕೊಂಡೆ. ಅವಳಿಗೆ ಬೇರೆ ಮಕ್ಕಳಿಲ್ಲ. ನಾನು ಬಿಟ್ಟುಹೋದರೆ ಹೊಲ ನೋಡುವವರಿಲ್ಲ, ಒಂದು ಲೋಟ ನೀರು ಕೊಡುವವರಿಲ್ಲ. ಗೊತ್ತಿತ್ತು. ಆದರೆ ಗಂಡನನ್ನು ಕೊಂದವಳು ಅವನಿಲ್ಲದ ಆ ಮನೆಯ ಹೊಸಿಲನ್ನು ಯಾವ ಮುಖ ಹೊತ್ತು ತುಳಿಯಬೇಕು? ಬಂದು ಕರೆದುಕೊಂಡು ಹೋಗು ಎಂದು ಅಪ್ಪನಿಗೆ ಹೇಳಿಕಳಿಸಿದೆ.

ಊರಿಗೆ ಮರಳಬಹುದೆಂದು ತಮಟೆ ಸಾರಿದ ಮಾರನೆಯ ಬೆಳಿಗ್ಗೆ ಅಪ್ಪ ಗಾಡಿ ಕಟ್ಟಿಕೊಂಡು ಬಂದ. ಅದೇ ಹೊತ್ತಿಗೆ ಗುಡಿಸಲು ಗುಡಿಸಲು ನೋಡಿಕೊಂಡು, ಪ್ಲೇಗಿನ ಸೂಜಿ ಹಾಕುವ ಸರ್ಕಾರದವನೂ ಕೃಷ್ಣಗಿರಿಯಿಂದ ಬಂದ. ತಮಿಳಿನವನು. ಅತ್ತೆಗೆ ಕನ್ನಡ, ತೆಲುಗು ಬಿಟ್ಟರೆ ತಮಿಳು ಬಾರದು. ತಮಿಳು ಬಲ್ಲ ನಾನೇ ನಡುವೆ ನಿಂತೆ.

ಸತ್ತವರು ಯಾರು ಎಂದು ಕೇಳಿದ. ಹೇಳಿದೆ. ಗಡ್ಡೆ ಎಲ್ಲಿತ್ತು ಎಂದ. ಕಂಕುಳಲ್ಲಿ ಎಂದೆ. ಮುಚ್ಚಿದ ಮನೆಯಿಂದ ಏನಾದರೂ ತಂದಿದ್ದನೇ ಎಂದ. "ಬೀಸುವ ಕಲ್ಲು, ನಾನೇ ತರಿಸಿದ್ದು," ಎಂದೆ.

ಅವನು ತಲೆಯಾಡಿಸಿದ. ಕಲ್ಲಿನಲ್ಲಿ ಏನಿರುತ್ತದಮ್ಮಾ, ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಬಟ್ಟೆಬರೆಗೆ ಸೇರುತ್ತದೆ, ಅದು ಕಚ್ಚಿದರೆ ರೋಗ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದ. ಆಮೇಲೆ ಗುಡಿಸಲ ಮುಂದೆ ಹರವಿದ್ದ ಅತ್ತೆಯ ಕಂಬಳಿಯತ್ತ ಬೆರಳು ಮಾಡಿ, ಆ ಕಂಬಳಿಯೂ ಆ ದಿನ ಬಂದದ್ದೇ ಎಂದು ಕೇಳಿದ. ಹೌದೆಂದೆ. ಅವನು ಮುಂದಿನ ಗುಡಿಸಲಿಗೆ ನಡೆದ.

ದೇವರಾಣೆಗೂ ಹೇಳುತ್ತೇನೆ, ಮೊದಲು ಆದದ್ದು ಸಂತೋಷ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿದ ಹಾಗಾಯಿತು.

"ಏನಂದ ಅವ್ನು?" ಅತ್ತೆ ಕೇಳಿದಳು. ಮೂರು ತಿಂಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು.

ನಿನ್ನ ಕಂಬಳಿ, ನನ್ನ ಕಲ್ಲಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದ್ದರೆ ಆ ಮೂರು ತಿಂಗಳೂ ನನ್ನ ತಲೆಯಿಂದಿಳಿದು ಅವಳ ತಲೆಯ ಮೇಲೆ ಕೂರುತ್ತಿತ್ತು. ಅವಳ ಮುಖ ನೋಡಿದೆ, ಹೇಳಲಾಗಲಿಲ್ಲ.

"ಊರೆಲ್ಲಾ ಹಬ್ಬಿತ್ತಂತೆ ಅತ್ತೆಮ್ಮ. ಯಾರೂ ತಂದಿದ್ದಲ್ವಂತೆ."

"ಸುಳ್ ಬೊಗಳ್ಬೇಡ," ಎಂದಳು. "ಬೆರಳ್ ತೋರಿಸ್ದ, ಕಂಬಳಿ ಅಂದ. ಕಂಬಳೀಗೆ ತಮಿಳೇನು ಕನ್ನಡವೇನು? ಸತ್ತ ಇಲಿ ಅದ್ರ್ ಮ್ಯಾಲೇ ಬಿದ್ದಿತ್ತು ಅಂತ ನನ್ ಮಗ ಅವತ್ತೇ ಯೋಳ್ದ. 'ಕೊಡವಿ ತಂದಿವ್ನಿ, ಅವಳ್ಗೆ ಯೋಳ್ಬೇಡ' ಅಂದ. ಬಿಸಿಲಿಗಾಕ್ಬುಟ್ಟು ಸುಮ್ಕಾದೆ. ನಿನ್ ಮುಖ ಹೆಂಗ್ ನೋಡ್ಲಿ ಮಗಾ? ನಾನೇ ಕೊಂದೆ. ಹೆತ್ತೋಳೇ ಕೊಂದೆ."

ನನಗೆ ಸಿಟ್ಟು ನೆತ್ತಿಗೇರಿತು. "ಥೂ, ಏನ್ ಮಾತಾಡ್ತೀಯಾ! ಚಳಿ ಅಂತ ಕಂಬಳಿ ಕೇಳ್ದೆ, ಅವನ ಸಾವು ಕೇಳಿದ್ಯಾ? ಹಿಂಗಾಯ್ತದೆ ಅಂತ ಗೊತ್ತಿದ್ರೆ ಕಳಿಸ್ತಿದ್ಯಾ?"

ಅಷ್ಟರಲ್ಲಿ ಕಣ್ಣು ಗುಡಿಸಲ ಮೂಲೆಯಲ್ಲಿದ್ದ ಕಲ್ಲಿನ ಮೇಲೆ ಬಿತ್ತು. ಈ ಮಾತನ್ನು ಮೂರು ತಿಂಗಳಲ್ಲಿ ಒಂದು ಸಲವಾದರೂ ನನಗೆ ನಾನು ಹೇಳಿಕೊಂಡಿದ್ದೆನೇ? ಅವಳಿಗೊಂದು ನ್ಯಾಯ, ನನಗೊಂದು ನ್ಯಾಯವೇ? ಚಿಗಟ ಕಂಬಳಿಯಲ್ಲಿತ್ತೋ, ಮನೆಯೊಳಗೇ ಕಚ್ಚಿತೋ, ಇಂದಿಗೂ ಯಾರಿಗೂ ಗೊತ್ತಿಲ್ಲ.

"ಅವನ್ನ ಮೂದಲಿಸಿ ಕಳಿಸ್ದೋಳು ನಾನು," ಎಂದು ಅಳುತ್ತಾ ಹೇಳಿದೆ.

"ಕೇಳಿಸ್ಕಂಡಿದ್ದೆ. ಮಕಕ್ಕೆ ಹೊಡ್ದಂಗಿತ್ತು ನಿನ್ ಮಾತು." ಮೂಗು ಒರೆಸಿಕೊಂಡಳು. "ಕಲ್ಲು ಬೇಕಿತ್ತಲ್ಲೇ. ಇಲ್ದಿದ್ರೆ ಮಣ್ ತಿಂತಿದ್ವಾ?"

ಹಾಗೆ ಮೂದಲಿಸಿದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ. ನಾಚಿಕೆ ಬೇರೆ, ಕೊಲೆ ಬೇರೆ. ಒಳಗಿನ ದನಿ ಆಮೇಲೂ ಆಗಾಗ ಬರುತ್ತಿತ್ತು, ಆದರೆ ಅದಕ್ಕೂ ಎದುರುತ್ತರ ಕೊಡುವುದನ್ನು ಕಲಿತೆ.

ಗಾಡಿಯ ಬಳಿಯಿಂದ ಅಪ್ಪ ಕೂಗಿದ. "ಬಿಸಿಲೇರ್ತದೆ, ನಿನ್ ಗಂಟ್ ಎಲ್ಲೈತಮ್ಮಾ?"

ನಾನು ಮೇಲಿನ ಕಲ್ಲಿನ ಒಂದು ಕಡೆ ಹಿಡಿದೆ. ಅತ್ತೆ ಬಂದು ಇನ್ನೊಂದು ಕಡೆ ಹಿಡಿದಳು.

"ಗಾಡಿ ಇತ್ತಾಗ್ ತಿರುಗ್ಸಪ್ಪಾ," ಎಂದೆ. "ಈ ಕಲ್ಲು ಭಾರ. ನಮ್ ಮನೆವರ್ಗೂ ಸಾಗಿಸ್ಬೇಕು."