ಕರೆಂಟ್ ಇಲ್ಲದ ದಿನ ಅತ್ತೆ ಕಾಡು ನೋಡಿದ್ದು

ನಮ್ಮ ಊರಿನಲ್ಲಿ ತಿಂಗಳಿಗೊಂದು ದಿನ ಕರೆಂಟ್ ಇರುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ತೆಗೆದರೆ ಸಂಜೆ ಐದಕ್ಕೇ ಮತ್ತೆ ಬರುವುದು. ಕಂಬ, ತಂತಿ ರಿಪೇರಿ ಎಂದು ಹಿಂದಿನ ದಿನವೇ ಪೇಪರಿನಲ್ಲಿ ಊರುಗಳ ಪಟ್ಟಿ ಹಾಕಿರುತ್ತಾರೆ. ತಮಿಳುನಾಡಿನ ಪಲ್ಲಡದ ಪಕ್ಕದ ನಮ್ಮ ಊರಿನಲ್ಲಿ ಮನೆಗೊಂದು ಪವರ್‌ಲೂಮ್ ಶೆಡ್ಡು. ಆ ದಿನ ಅಷ್ಟೂ ಮಗ್ಗಗಳು ಒಟ್ಟಿಗೆ ನಿಂತುಬಿಡುತ್ತವೆ. ನಾನು ಕೊಳ್ಳೇಗಾಲದಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಮೊದಲ ಸಲ ಹಾಗಾದಾಗ, ಬೀದಿಯಲ್ಲಿ ಯಾರೋ ಹೋಗಿಬಿಟ್ಟರೇನೋ ಎಂದು ಹೆದರಿ ಬಾಗಿಲಿಗೆ ಬಂದು ನಿಂತಿದ್ದೆ.

ಆ ಶೆಡ್ಡಿನ ಸದ್ದನ್ನು ಕೇಳದವರಿಗೆ ಹೇಳಿ ತಿಳಿಸುವುದು ಕಷ್ಟ. ಎಂಟು ಮಗ್ಗ ಓಡುತ್ತಿದ್ದರೆ ಕಿವಿಗೆ ಬಾಯಿ ತಂದು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ನಮ್ಮಲ್ಲಿ ಕೆಲಸದ ಹೊತ್ತಿನ ಮಾತೆಲ್ಲ ಕೈಯಲ್ಲಿ, ತುಟಿಯಲ್ಲಿ. ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜಿದರೆ ಎಲ್ಲೋ ಎಳೆ ಕಡಿದಿದೆ ಎಂದು. ಎರಡು ಬೆರಳು ತುಟಿಗೆ ಮುಟ್ಟಿಸಿದರೆ ಟೀ ಬಂದಿದೆ. ಒಂದು ತೋಳನ್ನು ಮುಂದೆ ಜೋತುಬಿಟ್ಟು ಮೆಲ್ಲಗೆ ಬೀಸಿದರೆ ನೂಲಿನ ಏಜೆಂಟ್ ಬರುತ್ತಿದ್ದಾರೆ ಎಂದು ಅರ್ಥ, ಏಕೆಂದರೆ ಅವರು ನಡೆಯುವುದೇ ಹಾಗೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅತ್ತೆ ಮಾಡುವುದನ್ನು ನೋಡಿ ನೋಡಿ ಕಲಿತೆ.

ಅತ್ತೆ ನಲವತ್ತು ವರ್ಷ ಆ ಶೆಡ್ಡಿನಲ್ಲಿ ನಿಂತವರು. ಎಪ್ಪತ್ತು ದಾಟುವ ಹೊತ್ತಿಗೆ ಕಿವಿ ಪೂರ್ತಿ ಹೋಗಿತ್ತು. ಕೊಯಮತ್ತೂರಿನ ಡಾಕ್ಟರು ಕೊಟ್ಟ ಮಿಷನ್ನನ್ನು ಒಂದು ವಾರ ಹಾಕಿಕೊಂಡರು. "ತಲೆಯೊಳಗೆ ಯಾರೋ ತಗಡು ಎಳೀತಾವ್ರೆ" ಎಂದು ತೆಗೆದು ಬೀರುವಿನಲ್ಲಿ ಇಟ್ಟುಬಿಟ್ಟರು. ಅದರಿಂದ ಅವರಿಗೆ ದೊಡ್ಡ ತೊಂದರೆಯೇನೂ ಆದಂತೆ ಕಾಣಲಿಲ್ಲ. ಎದುರಿಗಿರುವವರ ತುಟಿ ನೋಡಿ ಮನೆಮಾತಾದ ಕನ್ನಡವನ್ನೂ ಬೀದಿಯ ತಮಿಳನ್ನೂ ಸಲೀಸಾಗಿ ಓದುತ್ತಾರೆ. ಬೆನ್ನು ತಿರುಗಿಸಿ ಅವರ ಬಗ್ಗೆ ಏನಾದರೂ ಅಂದರೆ ಮಾತ್ರ ನಾವು ಬಚಾವು.

ಎರಡು ವರ್ಷದ ಹಿಂದೆ, ಪೊಂಗಲ್ ಕಳೆದ ಮೇಲೆ, ಒಂದು ಮಂಗಳವಾರ ಕರೆಂಟ್ ಇಲ್ಲವೆಂದು ಪೇಪರಿನಲ್ಲಿ ಬಂತು. ನನ್ನ ಗಂಡ ಅಮ್ಮನ ಎದುರಿಗೆ ಬಂದು ಕೂತು, "ಆನೆಮಲೆ ಕೋಯಿಲಿಗೆ ಹೋಗಿ ಪೂಜೆ ಮಾಡಿಸ್ಕೊಂಡು ಬರೋಣ್ವಾಮ್ಮಾ?" ಎಂದು ಕೇಳಿದರು.

"ಸಾಮಿ ನನ್ನ ರೊಂಬ ನೋಡಾಯ್ತು ಕಣಪ್ಪಾ," ಎಂದರು ಅತ್ತೆ. "ಕಾಡು ನನ್ನ ನೋಡಿಲ್ಲ. ಅಲ್ಲಿಗೆ ಕರ್ಕೊಂಡು ಹೋಗು."

ಮಳೆ ಬಿದ್ದು ಗಾಳಿ ತೊಳೆದಂತಿರುವ ದಿನಗಳಲ್ಲಿ ನಮ್ಮ ಮಾಳಿಗೆಯಿಂದ ನೈರುತ್ಯಕ್ಕೆ ಬೆಟ್ಟದ ಸಾಲು ಒಂದು ನೀಲಿ ಗೆರೆಯ ಹಾಗೆ ಕಾಣುತ್ತದೆ. ನೂಲು ಒಣಹಾಕಲು ಹತ್ತಿದಾಗಲೆಲ್ಲ ಅತ್ತೆ ಅದನ್ನು ನೋಡಿದ್ದಾರೆ. ಅಲ್ಲಿಗೆ ಹೋಗಬೇಕೆಂದು ಅವರು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ನಾವೂ ಒಂದು ದಿನವೂ ಕೇಳಿರಲಿಲ್ಲ. ನಮಗೆ ನಾಚಿಕೆಯಾಯಿತು. ಆ ಬೆಟ್ಟದ ಕಾಡಿನೊಳಗಿನ ಟಾಪ್‌ಸ್ಲಿಪ್‌ಗೆ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು.

ಬೆಳಕು ಹರಿಯುವ ಮುಂಚೆ ಕಾರಿನಲ್ಲಿ ಹೊರಟೆವು. ನೆಗಮಂ ದಾಟುವಾಗ, ಅಲ್ಲಿರುವ ನೆಂಟರ ಮನೆಗೆ ಹೋಗಿ ಕಾಫಿ ಕುಡಿಯದಿದ್ದರೆ ತಪ್ಪು ತಿಳಿಯುತ್ತಾರೆ ಎಂದು ನಾನು ಅತ್ತೆಯ ಕಡೆ ತಿರುಗಿ ಅಂದೆ. "ಹೋದ್ರೆ ಮತ್ತಿಯಾನ ಊಟ ಹಾಕ್ದೆ ಬಿಡೋಲ್ಲ, ತಲೆ ಬಗ್ಗಿಸ್ಕೊಂಡು ಕೂತ್ಕೋ" ಎಂದರು ಅತ್ತೆ. ಆ ಬೀದಿ ದಾಟುವವರೆಗೆ ನಾವಿಬ್ಬರೂ ನಿಜವಾಗಿಯೂ ತಲೆ ಬಗ್ಗಿಸಿಕೊಂಡೇ ಕೂತಿದ್ದೆವು. ಪೊಳ್ಳಾಚಿಯಲ್ಲಿ ಇಡ್ಲಿ ತಿಂದು, ತೆಂಗಿನ ತೋಟಗಳ ನಡುವೆ ಸೇತುಮಡೈ ಚೆಕ್‌ಪೋಸ್ಟಿಗೆ ಬಂದು, ಬ್ಯಾಗಿನಲ್ಲಿದ್ದ ಪ್ಲಾಸ್ಟಿಕ್ಕನ್ನೆಲ್ಲ ಅಲ್ಲಿ ಕೊಟ್ಟು ಬೆಟ್ಟ ಹತ್ತಿದೆವು. ತಿರುವುಗಳಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಕಿಟಕಿಯಿಂದ ಮುಖ ತೆಗೆಯಲೇ ಇಲ್ಲ.

ಮೇಲೆ ಕಾಡು ಸುತ್ತಿಸುವ ಜೀಪಿಗೆ ಟಿಕೆಟ್ ಕೊಡುವ ಹುಡುಗಿ ಅತ್ತೆಯನ್ನು ನೋಡಿ ಅನುಮಾನಿಸಿದಳು. "ದಾರಿ ತುಂಬ ಕುಲುಕುತ್ತೆ ಅಕ್ಕಾ, ಪಾಟಿಗೆ ತಡೆಯೋಕಾಗುತ್ತಾ?" ಎಂದು ತಮಿಳಿನಲ್ಲಿ ನನ್ನನ್ನು ಕೇಳಿದಳು; ಪಾಟಿ ಎಂದರೆ ಅಜ್ಜಿ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮಿಳಿನಲ್ಲೇ ಉತ್ತರ ಕೊಟ್ಟರು. "ನಲವತ್ತು ವರ್ಷ ಕುಲುಕುವ ನೆಲದ ಮೇಲೆ ನಿಂತಿದ್ದೀನಿ ತಾಯಿ. ಇವತ್ತು ಕೂತ್ಕೊಂಡು ಕುಲುಕಿಸ್ಕೋತೀನಿ, ಟಿಕೆಟ್ ಕೊಡು."

ಜೀಪಿನ ಹಿಂಭಾಗ ಮೂರು ಕಡೆಯೂ ತೆರೆದಿತ್ತು. ಮೇಲೆ ಟಾರ್ಪಾಲು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಎದುರುಬದುರು ಎರಡು ಬೆಂಚು. ಒಂದರಲ್ಲಿ ಅತ್ತೆ, ನಾನು. ಎದುರಿಗೆ ನನ್ನ ಗಂಡ ಮತ್ತು ತಿರುಪ್ಪೂರಿನಿಂದ ಬಂದಿದ್ದ ಹೊಸ ಜೋಡಿ. ಮದುವೆಯಾಗಿ ಒಂದು ತಿಂಗಳೂ ಆಗಿರಲಿಲ್ಲವಂತೆ, ಹುಡುಗಿಯ ಕೈಯಲ್ಲಿ ಮೆಹಂದಿ ಇನ್ನೂ ಮಾಸಿರಲಿಲ್ಲ. ಡ್ರೈವರ್ ಪಕ್ಕದಲ್ಲಿ ಗೈಡ್ ಕೂತರು. ಐವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಮನುಷ್ಯ. ಇದೇ ಬೆಟ್ಟದ ಕಾಡರ್ ಜನ ತಾವು, ಹುಟ್ಟಿದ್ದು ಬೆಳೆದಿದ್ದು ಎಲ್ಲ ಇಲ್ಲೇ ಎಂದರು. ಹೊರಡುವ ಮುಂಚೆ ನಮ್ಮ ಕಡೆ ತಿರುಗಿ ಮೆಲುದನಿಯಲ್ಲಿ ಹೇಳಿದರು: "ಇಲ್ಲಿಂದ ಮುಂದೆ ಮಾತು ಬೇಡ. ಏನಾದ್ರೂ ಕಂಡ್ರೆ ಕೈಯಲ್ಲಿ ತೋರ್ಸಿ."

ಅತ್ತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಇಷ್ಟೇನಾ, ಎಂದು.

ಮೊದಲ ಹತ್ತು ನಿಮಿಷ ತೇಗದ ಮರಗಳು ಬಿಟ್ಟರೆ ಏನೂ ಇಲ್ಲ. ಹೊಸ ಜೋಡಿ ಏನೋ ಹೇಳಿಕೊಳ್ಳಲು ಹೋಗುವುದು, ಗೈಡ್ ತಿರುಗಿ ನೋಡುವುದು, ಇಬ್ಬರೂ ಬಾಯಿ ಮುಚ್ಚುವುದು ನಡೆದಿತ್ತು. ನಮ್ಮ ಮೂವರಿಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಮರದ ಮೇಲೆ ಉದ್ದ ಬಾಲದ ದೊಡ್ಡ ಕೆಂದಳಿಲು ಕಂಡಿತು. ಅತ್ತೆ ತುಟಿಯಲ್ಲೇ, "ಅರಕ್ಕು ಮೈ, ಸಂದನ ಅಂಚು" ಎಂದರು. ಅರಕ್ಕು ಎಂದರೆ ಅರಗಿನ ಕೆಂಪು, ಸಂದನ ಎಂದರೆ ಗಂಧದ ಬಣ್ಣ, ಸೀರೆಯವರ ಮಾತು. ಅಂಥ ಜೋಡಿ ಬಣ್ಣಕ್ಕೆ ದೀಪಾವಳಿಯಲ್ಲಿ ಎಷ್ಟು ಬೇಡಿಕೆ ಎಂದು ನನ್ನ ಗಂಡ ಕೈಸನ್ನೆ ಮಾಡಿದರು. ಮೂವರೂ ಸದ್ದಿಲ್ಲದೆ ಅದರ ಬಗ್ಗೆ ಐದು ನಿಮಿಷ ಚರ್ಚೆ ಮಾಡಿದೆವು. ಗೈಡ್ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದರು.

ಸ್ವಲ್ಪ ಮುಂದೆ ಅತ್ತೆ ಇದ್ದಕ್ಕಿದ್ದಂತೆ ಹೆಬ್ಬೆರಳು ತೋರುಬೆರಳು ಉಜ್ಜಿ, ಎಡಗಡೆಯ ನೆರಳಿನತ್ತ ತೋರಿಸಿದರು. ಎಳೆ ಕಡಿದಿದೆ! ನನಗೆ ಅಲ್ಲಿ ಪೊದೆ ಬಿಟ್ಟರೆ ಏನೂ ಕಾಣಲಿಲ್ಲ. ಗೈಡ್ ಡ್ರೈವರ್ ಭುಜ ಮುಟ್ಟಿ ಜೀಪು ನಿಲ್ಲಿಸಿದರು. ಪೊದೆಯ ಕೆಳಗೆ ನಾಲ್ಕು ಬಿಳಿ ಗೆರೆ. ಮೊಣಕಾಲಿನ ತನಕ ಬಿಳಿ ಕಾಲುಚೀಲ ಹಾಕಿಕೊಂಡಂಥ ಕಾಲುಗಳು. ಅವುಗಳ ಮೇಲೆ ಕತ್ತಲೆಯ ಹಾಗೆ ನಿಂತ ಕಾಟಿ ಎನ್ನುವ ಕಾಡುಕೋಣ. ಒಂದನ್ನು ಕಂಡ ಮೇಲೆ ಹಿಂದೆ ಇನ್ನೂ ಆರು ಕಂಡವು. ಗೈಡ್ ಅತ್ತೆಗೆ ಹಣೆ ಮುಟ್ಟಿ ಸಲಾಮು ಮಾಡಿದರು. ಸಾವಿರ ಎಳೆಗಳ ನಡುವೆ ತಪ್ಪಿದ ಒಂದನ್ನು ಹುಡುಕಿ ಹುಡುಕಿ ಪಳಗಿದ ಕಣ್ಣು ಅದು ಎಂದು ಅವರಿಗೆ ಹೇಳಬೇಕೆನಿಸಿತು. ಮಾತಾಡುವ ಹಾಗಿರಲಿಲ್ಲವಲ್ಲ.

ಇಳಿಜಾರಿನಲ್ಲಿ ಬಿದಿರು ಮೆಳೆಗಳ ಹತ್ತಿರ ತಿರುಗುತ್ತಿದ್ದ ಹಾಗೆ ಡ್ರೈವರ್ ಥಟ್ಟನೆ ಬ್ರೇಕ್ ಹಾಕಿ ಇಂಜಿನ್ ನಿಲ್ಲಿಸಿದ. ಹದಿನೈದು ಮಾರು ಮುಂದೆ, ದಾರಿಯ ನಟ್ಟನಡುವೆ, ಒಂದು ಹೆಣ್ಣಾನೆ. ಅದರ ಹೊಟ್ಟೆಯ ಅಡಿಯಲ್ಲಿ ಮರಿ. ಮರಿಗೆ ತನ್ನ ಸೊಂಡಿಲನ್ನು ಏನು ಮಾಡಬೇಕೆಂದೇ ತಿಳಿದಿರಲಿಲ್ಲ. ಒಮ್ಮೆ ತುಳಿದುಕೊಳ್ಳುತ್ತಿತ್ತು, ಒಮ್ಮೆ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಗೈಡ್ ಅಂಗೈ ನಮ್ಮ ಕಡೆ ಚಾಚಿ ಹಾಗೇ ಹಿಡಿದರು. ಅಲ್ಲಾಡಬೇಡಿ.

ಅತ್ತೆ ಅದೇ ಹೊತ್ತಿಗೆ ನನ್ನ ಮೊಣಕೈ ತಿವಿದು, ಒಂದು ತೋಳನ್ನು ಮುಂದೆ ಜೋತುಬಿಟ್ಟು ಮೆಲ್ಲಗೆ ಬೀಸಿದರು. ನೂಲಿನ ಏಜೆಂಟ್ ಬಂದರು.

ನನಗೆ ನಗು ಒತ್ತರಿಸಿಕೊಂಡು ಬಂತು. ಎದುರಿಗೆ ಆನೆ, ಒಳಗೆ ನಗು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎದುರಿನ ಹುಡುಗಿ ನಾನು ಭಯಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಮೆಹಂದಿ ಕೈಯಿಂದ ನನ್ನ ಮೊಣಕಾಲು ಸವರಿದಳು. ಅದರಿಂದ ಇನ್ನೂ ಕಷ್ಟವಾಯಿತು.

ಆನೆ ನಮ್ಮ ಕಡೆ ನಾಲ್ಕು ಹೆಜ್ಜೆ ಬಂದಾಗ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಕಿವಿ ಅಗಲಿಸಿ ನಿಂತಿತು. ಅದರ ಕೆನ್ನೆಯ ಕೂದಲು ಕಾಣುವಷ್ಟು ಹತ್ತಿರ. ಹಕ್ಕಿಗಳೂ ಸುಮ್ಮನಿದ್ದವು. ಆಗ ಅತ್ತೆ ನನ್ನ ಕೈ ಹಿಡಿದು ಪಕ್ಕದ ಕಬ್ಬಿಣದ ಸರಳಿನ ಮೇಲೆ ಇಟ್ಟು, ಮೇಲೆ ತಮ್ಮ ಅಂಗೈಯನ್ನು ಒತ್ತಿದರು. ಅವರ ತುಟಿ, "ಓಡ್ತಾ ಇದೆ" ಎಂದಿತು.

ಏನು ಓಡುತ್ತಿದೆ? ಇಂಜಿನ್ ನಿಂತಿತ್ತು. ನನ್ನ ಕಿವಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಅಂಗೈಗೆ ತಿಳಿಯಿತು. ಸರಳು ನಡುಗುತ್ತಿತ್ತು. ಪಕ್ಕದ ಮನೆಯ ಶೆಡ್ಡಿನಲ್ಲಿ ಮಗ್ಗ ಓಡುವಾಗ ನಮ್ಮ ಗೋಡೆ ನಡುಗುವ ಹಾಗೆ, ಸಣ್ಣಗೆ, ಬಿಟ್ಟು ಬಿಟ್ಟು. ಬಿದಿರಿನ ಆಚೆಯಿಂದ ಇನ್ನೆರಡು ಆನೆಗಳು ಸದ್ದಿಲ್ಲದೆ ಹೊರಬಂದು ದಾರಿ ದಾಟಿದವು. ಸರಳು ಮತ್ತೊಮ್ಮೆ ನಡುಗಿತು. ಹೆಣ್ಣಾನೆ ಕಿವಿ ಮಡಚಿ, ಮರಿಯನ್ನು ಕಾಲಿನಿಂದ ಮುಂದೆ ನೂಕಿಕೊಂಡು, ಅವುಗಳ ಹಿಂದೆ ಇಳಿಜಾರಿಗೆ ಹೋಯಿತು. ಹುಲ್ಲು ಮುಚ್ಚಿಕೊಂಡಿತು. ಅಲ್ಲಿ ಏನೂ ಇರಲೇ ಇಲ್ಲವೇನೋ ಅನ್ನುವ ಹಾಗೆ.

ಗೈಡ್ ಉಸಿರು ಬಿಟ್ಟು ಹಿಂದೆ ತಿರುಗಿದಾಗ ಅತ್ತೆಯ ಕೈ ಇನ್ನೂ ಸರಳಿನ ಮೇಲೇ ಇತ್ತು. ಗೈಡ್‌ಗೆ ನಾನು ಪಿಸುದನಿಯಲ್ಲಿ ವಿಷಯ ಹೇಳಿದೆ: ಇವರಿಗೆ ಕಿವಿ ಕೇಳುವುದಿಲ್ಲ, ಆದರೆ ಕಬ್ಬಿಣದಲ್ಲಿ ಏನೋ ಓಡಿತು ಅನ್ನುತ್ತಾರೆ, ನನಗೂ ಗೊತ್ತಾಯಿತು. ಅವರು ಕೂಡಲೇ ಅತ್ತೆಯ ಎದುರಿಗೆ ಮುಖ ತಂದು, ತುಟಿ ಬಿಡಿಸಿ ನಿಧಾನವಾಗಿ ಹೇಳಿದರು.

"ಅದು ಆನೆ ಮಾತಾಡಿದ್ದು, ಪಾಟಿ. ನಮ್ಮ ಕಿವಿಗೆ ಸಿಗದಷ್ಟು ತಗ್ಗಿನ ದನಿ. ನಮ್ಮವರು ಎದೆಯಲ್ಲಿ ಗುರುತು ಹಿಡೀತಾರೆ. ಇಷ್ಟು ವರ್ಷದಲ್ಲಿ ಜೀಪಿನಲ್ಲಿ ಬಂದವರು ಯಾರೂ ತಾವಾಗಿ ನನಗೆ ಇದನ್ನ ಹೇಳಿಲ್ಲ."

ಅತ್ತೆ ನನ್ನ ಕಡೆ ತಿರುಗಿ, ಮಾತಾಡಬಾರದೆಂಬುದನ್ನು ಮರೆತು, ದೊಡ್ಡ ಗಂಟಲಿನಲ್ಲಿ ಕನ್ನಡದಲ್ಲಿ ಹೇಳಿದರು. "ಕೇಳ್ತು ಕಣ್ಣೂ! ನಂಗೆ ಕೇಳ್ತು!"

ಕಾಡೆಲ್ಲ ಮೊಳಗಿತು. ಎಲ್ಲೋ ಕೋತಿಯೊಂದು ಕೂಗಿಕೊಂಡಿತು. ಗೈಡ್ ಬಯ್ಯಲಿಲ್ಲ. ಅವರೂ ನಗುತ್ತಿದ್ದರು. ನನ್ನ ಕಣ್ಣಲ್ಲಿ ಮತ್ತೆ ನೀರು ಬಂತು. ಈ ಸಲ ಆ ಹುಡುಗಿ ಅಂದುಕೊಂಡ ಹಾಗೆ ನಿಜವಾಗಿಯೂ ಅಳುತ್ತಿದ್ದೆ, ಭಯಕ್ಕಲ್ಲ ಅಷ್ಟೇ.

ಸುತ್ತು ಮುಗಿದ ಮೇಲೆ ಗೈಡ್ ನಮ್ಮನ್ನು ಟೀ ಅಂಗಡಿಗೆ ಕರೆದುಕೊಂಡು ಹೋದರು. ಜೀಪಿನೊಳಗೆ ನಾವು ಕೈಯಲ್ಲಿ ಏನು ಮಾತಾಡಿಕೊಂಡೆವು ಎಂದು ತಿಳಿಯುವ ತನಕ ಅವರಿಗೆ ಸಮಾಧಾನವಿರಲಿಲ್ಲ. ಅತ್ತೆ ಬೆಂಚಿನ ಮೇಲೆ ಕೂತು ಒಂದೊಂದಾಗಿ ತೋರಿಸಿದರು: ಎಳೆ ಕಡಿಯಿತು, ಟೀ ಬಂತು, ಮಗ್ಗ ನಿಲ್ಲಿಸು, ನಾನು ಬರುವ ತನಕ ನೋಡಿಕೋ. ಗೈಡ್ ಕೂಡ ತಮ್ಮದನ್ನು ತೋರಿಸಿದರು. ಕಾಡಿನಲ್ಲಿ ನಡೆಯುವಾಗ ಹಿಂದಿನವರಿಗೆ ತಿಳಿಸಲು ಆನೆಗೆ ಒಂದು ಸನ್ನೆ, ಕರಡಿಗೆ ಒಂದು, ಉಸಿರೂ ಬಿಡಬೇಡ ಎನ್ನುವುದಕ್ಕೆ ಒಂದು. ಇಬ್ಬರೂ ಗ್ಲಾಸು ಕೆಳಗಿಟ್ಟು ಕೈ ಬೀಸುತ್ತಿದ್ದರೆ ಟೀ ಹಾಕುವವನು ಸೌಟು ಹಿಡಿದುಕೊಂಡು ನೋಡುತ್ತಾ ನಿಂತ. ನಿಮ್ಮ ಆನೆ ಸನ್ನೆ ಏಕೆ ಹಾಗೆ ಎಂದು ಗೈಡ್ ಕೇಳಿದರು. ಅದು ಆನೆಯಲ್ಲ, ನೂಲಿನ ಏಜೆಂಟ್ ಎಂದು ನನ್ನ ಗಂಡ ವಿವರಿಸಿದ ಮೇಲೆ ಅವರು ಬೆಂಚು ಹಿಡಿದುಕೊಂಡು ನಕ್ಕರು.

ಬೆಟ್ಟ ಇಳಿಯಲು ಹೊರಡುವಾಗ ಜೀಪಿನಲ್ಲಿದ್ದ ಹೊಸ ಮದುಮಗ ನನ್ನ ಗಂಡನಿಗೆ ಕೈ ಬೀಸಿ, "ಬರ್ತೀನಿ ಅಣ್ಣಾ" ಎಂದು ಯಾಕೋ ತುಂಬ ಆತ್ಮೀಯವಾಗಿ ನಕ್ಕ. ನನ್ನ ಗಂಡ ಕೆಂಪಾದರು. ವೇಟೈಕ್ಕಾರನ್‌ಪುದೂರಿನ ತನಕ ಕಾರು ಓಡಿಸಿ, ಎಳನೀರಿನವನ ಹತ್ತಿರ ನಿಲ್ಲಿಸಿದ ಮೇಲೆ ಬಾಯಿಬಿಟ್ಟರು.

"ಆನೆ ಬಂತಲ್ಲ, ಆವಾಗ ನಾನು ಆ ಹುಡ್ಗನ ಕೈ ಹಿಡ್ಕೊಂಡ್ಬಿಟ್ಟಿದ್ದೆ."

"ಹಿಡ್ಕೊಂಡ್ರೆ ಏನಾಯ್ತು?"

"ಅವ್ನು ಹೆಂಡ್ತಿ ಕೈ ಅಂದ್ಕೊಂಡು ಬೆರಳು ಸವರ್ತಾ ಕೂತಿದ್ದ. ನಂಗೂ ಬಿಡಿಸ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ."

ನಾನು ಎಳನೀರು ಸೀರೆಯ ಮೇಲೆ ಚೆಲ್ಲಿಕೊಂಡೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಅತ್ತೆಗೆ ನಮ್ಮ ತುಟಿ ಕಂಡಿರಲಿಲ್ಲ. "ಏನ್ಮಾ? ಏನಂತೆ?" ಎಂದು ನನ್ನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ಹೇಳಬೇಡ ಎಂದು ಮಗ ಪಕ್ಕದಿಂದ ಕಣ್ಣು ಬಿಡುತ್ತಿದ್ದರು. ನಾನು ಹೇಳಿದೆ. ಅತ್ತೆ ಪೊಳ್ಳಾಚಿ ಬರುವವರೆಗೂ ನಿಲ್ಲಿಸಿ ನಿಲ್ಲಿಸಿ ನಕ್ಕರು. ನಿಂತಿತು ಅಂದುಕೊಳ್ಳುವಷ್ಟರಲ್ಲಿ ಮಗನ ಹಿಂದಲೆ ನೋಡಿ ಮತ್ತೆ ಶುರುಮಾಡುತ್ತಿದ್ದರು.

ಊರು ಮುಟ್ಟುವ ಹೊತ್ತಿಗೆ ಸಂಜೆ ಏಳು. ಯಾರಿಗೂ ಒಲೆ ಹಚ್ಚುವ ಮನಸ್ಸಿರಲಿಲ್ಲ. ಪಲ್ಲಡದಲ್ಲಿ ಕಟ್ಟಿಸಿಕೊಂಡು ಬಂದಿದ್ದ ಪರೋಟಾವನ್ನು ಹಜಾರದಲ್ಲೇ ಬಿಚ್ಚಿಟ್ಟುಕೊಂಡು ತಿಂದೆವು. ಅತ್ತೆ ಎರಡು ತಿಂದು, ಮೂರನೆಯದಕ್ಕೆ ಕೈ ಹಾಕಿ, ಮುಂದಿನ ತಿಂಗಳು ಕರೆಂಟ್ ತೆಗೆಯುವುದು ಯಾವತ್ತು ಎಂದು ಕರೆಂಟ್ ಆಫೀಸಿನಲ್ಲಿ ಕೇಳಿಕೊಂಡು ಬರಲು ಮಗನಿಗೆ ಅಪ್ಪಣೆ ಮಾಡಿದರು.